ಐದು ಪದಗಳ ಪರೀಕ್ಷೆ

ಲಾಸ್ಯಳಿಗೆ ಸಾಕೋ ಸಾಕಾಗಿತ್ತು. ಸಂಶೋಧನಾ ಕೇಂದ್ರವೊಂದರ ಪರವಾಗಿ ಮನೆಮನೆಗೆ ಹೋಗಿ, ಅರವತ್ತು ದಾಟಿದವರ ರಕ್ತ ತೆಗೆದುಕೊಂಡು ನೆನಪಿನ ಪರೀಕ್ಷೆ ಮಾಡುವುದು ಅವಳ ಕೆಲಸ. ಐದು ಪದ ಹೇಳುವುದು, ಹತ್ತು ನಿಮಿಷ ಬಿಟ್ಟು ಎಷ್ಟು ನೆನಪಿದೆ ಎಂದು ಕೇಳುವುದು, ಅಷ್ಟೇ. ಕೃಷ್ಣಮೂರ್ತಿಪುರಂನ ಆ ರಸ್ತೆಯಲ್ಲಿ ಮೂರನೇ ಮನೆ ನಿವೃತ್ತ ಗಣಿತದ ಮೇಷ್ಟ್ರು ದೊರೆಸ್ವಾಮಿಯವರದು. ಅವಳು ಬಾಯಿ ತೆರೆಯುವ ಮೊದಲೇ ಅವರು ‘ಹಲಸು, ಏಣಿ, ಕನ್ನಡಿ, ಸುಣ್ಣ, ಗಂಟೆ’ ಎಂದು ಒಂದೇ ಉಸಿರಿಗೆ ಒಪ್ಪಿಸಿಬಿಟ್ಟರು. ಪಕ್ಕದ ಮನೆಯವರು ಹೇಳಿಕೊಟ್ಟಿದ್ದರಂತೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯೂ ಇಷ್ಟು ಬೇಗ ಬಯಲಾಗುವುದಿಲ್ಲ!

ಎಷ್ಟನೆಯ ಸಲವೋ, ಲಾಸ್ಯ ಮತ್ತೆ ವಿವರಿಸಿದಳು. ಮೈಯೊಳಗಿನ ಉರಿಯೂತದಿಂದ ಮರೆವಿನ ಕಾಯಿಲೆ ಬರುತ್ತದೆಯೋ, ಕಾಯಿಲೆಯಿಂದಲೇ ಉರಿಯೂತ ಏರುತ್ತದೆಯೋ ಹೇಳುವುದು ಕಷ್ಟ. ಒಂದು ಹಲ್ಲುನೋವಿಗೂ ಅದು ಏರುತ್ತದೆ. ಆದರೆ ಉರಿಯೂತ ಹೆಚ್ಚಿಸುವ ವಂಶವಾಹಿ ಹುಟ್ಟುವಾಗಲೇ ಬಂದದ್ದು, ಯಾವ ಕಾಯಿಲೆಯೂ ಅದನ್ನು ಬದಲಿಸಲಾರದು. ರಕ್ತ ಪರೀಕ್ಷಿಸಿ ಅದಿರುವವರನ್ನು ಗುರುತಿಸಿ, ಅವರಲ್ಲಿ ಮರೆವು ಹೆಚ್ಚೇ ಎಂದು ಸಾವಿರಾರು ಜನರಲ್ಲಿ ನೋಡಿದರೆ ಒಂದು ಉತ್ತರ ಸಿಗಬಹುದು. ರಕ್ತವೇನೋ ಸುಳ್ಳು ಹೇಳುವುದಿಲ್ಲ, ಜನ ಬಾಯಿಪಾಠ ಮಾಡಿ ಕೂತರೆ ಮಾಡುವುದೇನು? ಮೇಷ್ಟ್ರು ಅರ್ಥವಾಯಿತೆಂದು ತಲೆಯಾಡಿಸಿದರು.

ಮುಂದಿನ ವಾರ ಅವಳು ಹೊಸ ಪದಗಳೊಂದಿಗೆ ಬಂದಳು. ಮೇಷ್ಟ್ರು ಆರಾಮವಾಗಿ ಐದಕ್ಕೆ ಐದೂ ಹೇಳಿದರು. ಇಷ್ಟು ನೆನಪಿರುವ ಮನುಷ್ಯನಿಗೆ ಆ ಕಳ್ಳ ವಿದ್ಯೆ ಯಾಕೆ ಬೇಕಿತ್ತೋ ಎಂದು ಲಾಸ್ಯಳಿಗೆ ಇನ್ನಷ್ಟು ರೇಗಿತು. ಆಮೇಲೆ ಅವರ ಹೆಂಡತಿ ಅಲಮೇಲು ಬಂದು ಕೂತರು. ಮೇಷ್ಟ್ರು ಲಾಸ್ಯಳ ಬೆನ್ನ ಹಿಂದೆ ನಿಂತು ಕೆಮ್ಮಿದರು, ಕೈಸನ್ನೆ ಮಾಡಿದರು, ತುಟಿ ಆಡಿಸಿದರು. ಅವಳು ಅವರನ್ನು ಜಗಲಿಗೆ ಅಟ್ಟಿದಳು. ಹತ್ತು ನಿಮಿಷದ ಮೇಲೆ ಅಲಮೇಲು ಒಂದು ಪದ ಹೇಳಿದರು, ಇನ್ನೊಂದಕ್ಕಾಗಿ ಬಹಳ ಹೊತ್ತು ತಡಕಾಡಿ, ಎದ್ದು ಒಳಗೆ ಹೋದರು.

ಲಾಸ್ಯ ಜಗಲಿಗೆ ಬಂದಾಗ ಮೇಷ್ಟ್ರು ಎಲ್ಲವನ್ನೂ ಒಪ್ಪಿಕೊಂಡರು. ಪದಗಳನ್ನು ಕೇಳಿ ತಂದದ್ದು ಹೆಂಡತಿಗಾಗಿ. ಒಂದು ವರ್ಷದಿಂದ ದಿನಾ ಬೆಳಗ್ಗೆ ಎದುರಿಗೆ ಕೂರಿಸಿಕೊಂಡು ತಾರೀಕು, ವಾರ, ಮೊಮ್ಮಕ್ಕಳ ಹೆಸರು, ಮನೆ ನಂಬರು ಎಲ್ಲ ಹೇಳಿಸುತ್ತಿದ್ದಾರೆ. ಡಾಕ್ಟರಿಗೆ ತೋರಿಸಿಲ್ಲ. ಅವರು ಕಾಯಿಲೆಗೊಂದು ಹೆಸರಿಟ್ಟುಬಿಟ್ಟರೆ ಅವಳು ಕುಸಿದುಹೋಗುತ್ತಾಳೆ ಎಂಬ ಭಯ.

“ನಾಲ್ಕು ಅಂತ ಬರ್ಕೊಂಡ್ಬುಡಮ್ಮ,” ಎಂದರು. “ಅಷ್ಟು ಜನದಲ್ಲಿ ಒಂದು ಅಂಕಿ. ಅವಳಿಗೆ ಗೊತ್ತಾಗೋದು ಬೇಡ.”

ಲಾಸ್ಯಳ ತಾಳ್ಮೆ ಪೂರಾ ಮುಗಿದುಹೋಯಿತು. “ನಮ್ಮ ಅಂಕಿ ಮನೆ ಹಾಳಾಗ್ಲಿ ಮೇಷ್ಟ್ರೇ. ಒಂದು ವರ್ಷ ಡಾಕ್ಟರಿಗೆ ತೋರಿಸದೆ ಕೂತಿದ್ದೀರಲ್ಲ, ಅಮ್ಮನ ಗತಿ ಏನು?”

ಮೇಷ್ಟ್ರ ಕಣ್ಣು ತುಂಬಿತು. ಇಷ್ಟು ವಯಸ್ಸಾದವರನ್ನು ಅಳಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ತಿರುಗಿ ನೋಡಿದರೆ ಬಾಗಿಲಲ್ಲಿ ಅಲಮೇಲು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಒಂದು ಅಂತಲೇ ಬರಿಯಮ್ಮ,” ಎಂದರು ಅವರು. ಆಮೇಲೆ ಗಂಡನ ಪಕ್ಕ ಬಂದು ಕೂತರು. “ಮರೀತಾ ಇದೀನಿ ಅಂತ ನಂಗೆ ಯಾವತ್ತೋ ಗೊತ್ತು. ನಿಮಗೆ ಸಮಾಧಾನ ಆಗಲಿ ಅಂತ ದಿನಾ ಕೂತು ಪಾಠ ಒಪ್ಪಿಸ್ತಿದ್ದೆ. ಇನ್ನು ನನ್ನ ಕೈಲಾಗಲ್ಲ ಕಣ್ರೀ.”