ಹೆಂಗಸರ ಮೆಟ್ಟಿಲು

ಎರಡು ದಿನದಿಂದ ಅನಸೂಯಾ ಆ ಕಟ್ಟಡದ ಹೊರಗೇ ಸುತ್ತುತ್ತಿದ್ದಳು. ಲೋಯರ್ ಈಸ್ಟ್ ಸೈಡಿನ ಇಕ್ಕಟ್ಟಿನ ಬೀದಿಯಲ್ಲಿ ಎಂಬತ್ತು ವರ್ಷದ ಹಿಂದೆ ಯೆಹೂದ್ಯರು ಕಟ್ಟಿಕೊಂಡ ಪ್ರಾರ್ಥನಾಮಂದಿರ, ಸಿನಗಾಗ್ ಅದು. ಕುದುರೆಲಾಳದಂಥ ಕಮಾನುಗಳು, ನಡುವೆ ಬಣ್ಣದ ಗಾಜಿನ ದೊಡ್ಡ ಗುಂಡು ಕಿಟಕಿ. ಮಾಡು ಸೋರುತ್ತಿತ್ತು, ರಿಪೇರಿಗೆ ಮೊದಲು ಒಳಗು ಹೊರಗು ಅಳೆದು ನಕ್ಷೆ ಬರೆಯಬೇಕಿತ್ತು. ಧಾರವಾಡದಲ್ಲಿ ನಕ್ಷೆ ಬರೆಯಲು ಕಲಿತು, ಮ್ಯಾನ್‌ಹಟನ್ನಿನ ಆರ್ಕಿಟೆಕ್ಟ್ ಒಬ್ಬರ ಆಫೀಸು ಸೇರಿ ಮೂರೇ ತಿಂಗಳಾಗಿದ್ದ ಅನಸೂಯಾಳಿಗೆ ಒಬ್ಬಳೇ ಮಾಡು ಎಂದು ಕೊಟ್ಟ ಮೊದಲ ಕೆಲಸ ಇದು. ಸರಿಯಾಗಿ ಮಾಡಿದರೆ ನೌಕರಿ ಖಾಯಂ.

ಬುಧವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಮುಟ್ಟಾದಳು. ನದಿಯಾಚೆ ಫೋರ್ಟ್ ಲೀಯ ತಮ್ಮ ಮನೆಯಲ್ಲಿ ಆ ದಿನಗಳಲ್ಲೂ ಅಡಿಗೆ ಅವಳದ್ದೇ, ಬೇರೆ ಯಾರಿದ್ದಾರೆ ಮಾಡಲು? ದೇವರ ಗೂಡಿಗೆ ಮಾತ್ರ ಪರದೆ ಎಳೆಯುತ್ತಿದ್ದಳು. ಆದರೆ ದೇವರಿರುವ ಜಾಗದ ಹೊಸಿಲು ದಾಟುವುದು ಬೇರೆ ಮಾತು. ಅದು ಯಾರ ದೇವರಾದರೇನು?

“ಅಲ್ಲಿ ಯಾರು ನೋಡ್ತಾರ ನಿನ್ನ? ಸುಮ್ನ ಹೋಗಿ ಅಳಕೊಂಡು ಬಾ,” ಎಂದಿದ್ದ ಗಂಡ ಪ್ರಾಣೇಶ. ಆಫೀಸಿನ ಕ್ಯಾಂಟೀನಿನಲ್ಲಿ ಮೊಟ್ಟೆ ತಿಂದು, ಮನೆಗೆ ಬಂದು ಸಂಧ್ಯಾವಂದನೆ ಮಾಡುವ ಗೃಹಸ್ಥ, ಹೇಳುವುದಕ್ಕೇನು ಕಷ್ಟ!

“ನೋಡೋರು ಯಾರೂ ಇಲ್ಲಂತನ ಅಂಜಿಕಿ ನನಗ,” ಎಂದಿದ್ದಳು.

ಗುರುವಾರ ಮಧ್ಯಾಹ್ನ, ಕಟ್ಟಡ ನೋಡಿಕೊಳ್ಳುವ, ಬರ್ತಾ ಎಂಬ ಹೆಸರಿನ ಎಪ್ಪತ್ತರ ಮುದುಕಿ ಬಾಗಿಲಿಗೆ ಬಂದು ನಿಂತಳು. “ನಿಮ್ಮ ಆಫೀಸಿಂದ ಫೋನ್ ಬಂದಿತ್ತು. ಸಂಜೆಯೊಳಗೆ ಒಳಗಿನ ಅಳತೆ ಸಿಗದಿದ್ರೆ ನಾಳೆ ಬೇರೆಯವರನ್ನ ಕಳಿಸ್ತಾರಂತೆ. ನಿನ್ನೆಯಿಂದ ಟೀಗೆ ಕರೀತಿದ್ದೀನಿ, ಬರಲ್ಲ ಅಂತೀಯ. ನಿಂಗೆ ನಮ್ಮ ದೇವರು ಆಗಲ್ವೋ, ನಮ್ಮ ಟೀ ಆಗಲ್ವೋ?”

ಅನಸೂಯಾಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ತನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ತಡವರಿಸುತ್ತಾ ನಿಜ ಹೇಳಿಬಿಟ್ಟಳು.

ಬರ್ತಾ ನಗಲಿಲ್ಲ. ಮೆಟ್ಟಿಲ ಮೇಲೆ ಕೂತಳು.

“ನಮ್ಮಮ್ಮನೂ ಹೀಗೇ. ಪೋಲೆಂಡಿನ ನಮ್ಮೂರಲ್ಲಿ ಆ ದಿನಗಳಲ್ಲಿ ಒಳಗೆ ಬರ್ತಿರಲಿಲ್ಲ. ಕಟ್ಟಳೆ ಏನೂ ಇಲ್ಲ, ರೂಢಿ. ನಮ್ಮಣ್ಣ ಹದಿಮೂರು ತುಂಬಿ, ಎಲ್ಲರೆದುರು ಮೊದಲ ಸಲ ಧರ್ಮಗ್ರಂಥ ಓದಿದ ದಿನ ಅವಳು ಹೊರಗೆ ಹಿಮದಲ್ಲಿ, ಕಿಟಕಿ ಪಕ್ಕ ನಿಂತು ಕೇಳಿಸ್ಕೊಂಡಳು. ಸಾಯೋವರೆಗೂ ನನ್ನ ಕೇಳ್ತಿದ್ದಳು, ಅವನು ಎಲ್ಲಿ ನಿಂತಿದ್ದ, ಯಾವ ಕಡೆ ಮುಖ ಮಾಡಿದ್ದ ಅಂತ.”

ಅನಸೂಯಾಳಿಗೆ ತಮ್ಮನ ಮುಂಜಿ ನೆನಪಾಯಿತು. ಹದಿನಾಲ್ಕರ ಹುಡುಗಿ, ಹಿತ್ತಿಲ ಕೋಣೆಯಲ್ಲಿ ಕೂತು, ವಾಲಗ ಜೋರಾದಾಗ ಈಗ ಬ್ರಹ್ಮೋಪದೇಶ ಆಗುತ್ತಿರಬೇಕು ಎಂದುಕೊಂಡಿದ್ದಳು. ಒಬ್ಬನೇ ತಮ್ಮ. ಆ ಸಂಕಟವನ್ನು ಅವಳು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

“ಹೆಂಗಸರು ಕೂರೋದು ಮೇಲಿನ ಬಾಲ್ಕನಿಯಲ್ಲಿ. ಅದಕ್ಕೆ ಬೇರೆ ಬಾಗಿಲು, ಬೇರೆ ಮೆಟ್ಟಿಲು,” ಎಂದು ಬರ್ತಾ ಪಕ್ಕದ ಬಾಗಿಲು ತೋರಿಸಿದಳು. “ನಲವತ್ತು ವರ್ಷ ಅಲ್ಲಿ ಕೂತಿದ್ದೀನಿ, ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಈಗ ಮಂಡಿ ಬಿಡಲ್ಲ, ನಾನು ಹತ್ತಲಾರೆ. ನೀನು ಹತ್ತೋದು ಬಿಡೋದು ನಿನಗೆ ಬಿಟ್ಟಿದ್ದು.”

ಅನಸೂಯಾ ಬೂಟು ಬಿಚ್ಚಿಟ್ಟಳು. ಇಲ್ಲಿ ಬಿಚ್ಚಬೇಕಿಲ್ಲ ಎಂದು ಬರ್ತಾ ಹೇಳಿದರೂ ಕೇಳಲಿಲ್ಲ, ಇದೊಂದಾದರೂ ಉಳಿಯಲಿ. ತಪ್ಪಾಯಿತೆಂದು ಕೆನ್ನೆ ಮುಟ್ಟಿಕೊಂಡು ಹೊಸಿಲು ದಾಟಿದಳು. ಮರದ ಮೆಟ್ಟಿಲುಗಳು ನಡುವಿನಲ್ಲಿ ಸವೆದು ತಗ್ಗಾಗಿದ್ದವು.

ಮೇಲೆ ಹೋದರೆ ಇಡೀ ಮಂದಿರ ಕಣ್ಣೆದುರಿಗೆ ಬಂತು. ನೀಲಿ ಚಾವಣಿಯ ತುಂಬ ಬರೆದ ನಕ್ಷತ್ರ, ಪೂರ್ವದ ಗೋಡೆಗೆ ಸುರುಳಿಗ್ರಂಥಗಳನ್ನಿಡುವ ಕೆತ್ತನೆಯ ಬೀರು, ನಡುವೆ ಓದುವ ಕಟ್ಟೆ. ಅಷ್ಟರಲ್ಲಿ ಬರ್ತಾ ದೊಡ್ಡ ಬಾಗಿಲಿನಿಂದ ಒಳಗೆ ಬಂದಿದ್ದಳು. ಅನಸೂಯಾ ಅಳತೆ ಟೇಪಿನ ತುದಿಯನ್ನು ಬಾಲ್ಕನಿಯ ಕಟಾಂಜನಕ್ಕೆ ಒತ್ತಿ ಹಿಡಿದು, ಅದರ ಚರ್ಮದ ಡಬ್ಬಿಯನ್ನು ಕೆಳಗೆ ಬರ್ತಾಳ ಕೈಗೆ ಇಳಿಬಿಟ್ಟಳು.

“ಹದಿನೇಳು ಅಡಿ ನಾಲ್ಕು ಇಂಚು!” ಎಂದು ಬರ್ತಾ ಕೂಗಿದಳು.

ಕಣ್ಣು ತುಂಬಿ ಅನಸೂಯಾಳಿಗೆ ಕೈಯಲ್ಲಿದ್ದ ಕಾಗದ ಕಾಣಿಸಲಿಲ್ಲ. “ಇನ್ನೊಂದು ಸಲ ಹೇಳಿ.”

“ಹದಿನೇಳು, ನಾಲ್ಕು! ಅಲ್ಲಿಂದ ಎಲ್ಲಾ ಕಾಣುತ್ತಲ್ವಾ?”

“ಕಾಣುತ್ತೆ. ಓದೋ ಹುಡುಗ ಎಲ್ಲಿ ನಿಲ್ತಾನೆ, ತೋರಿಸಿ.”

ಬರ್ತಾ ಟೇಪು ಬಿಟ್ಟು, ಕುಂಟುತ್ತಾ ಹೋಗಿ ನಡುವಿನ ಕಟ್ಟೆಯ ಮೇಲೆ ನಿಂತು ಪೂರ್ವಕ್ಕೆ ಮುಖ ಮಾಡಿದಳು. ಅನಸೂಯಾ ಕಣ್ಣೊರೆಸಿಕೊಂಡು, ನಕ್ಷೆಯಲ್ಲಿ ಮೊದಲು ಆ ಜಾಗವನ್ನು ಗುರುತು ಮಾಡಿದಳು.