ಕಹಳೆ ಹೂವೂ ನನ್ನಾಕೆಯ ಎಡಗಣ್ಣೂ

೧

ಕಥೆಯನ್ನು ಎಲ್ಲಿಂದ ಆರಂಭಿಸಬೇಕು? ನಾನು ಕಲಿತ ಕಾಲದಲ್ಲಿ ಇದಕ್ಕೆ ಒಂದೇ ಉತ್ತರವಿತ್ತು: ಪೀಠಿಕೆಯಿಂದ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಅಂಗಗಳಿಲ್ಲದ ಬರಹವು ಬರಹವೇ ಅಲ್ಲವೆಂದು ನಮ್ಮ ಮೇಷ್ಟ್ರು ಬೆತ್ತದ ಸಾಕ್ಷಿಯಾಗಿ ಬೋಧಿಸಿದ್ದರು. ಆದುದರಿಂದ ಇಗೋ ಪೀಠಿಕೆ: ಬಹಳ ವರ್ಷಗಳ ಹಿಂದೆ, ಮೂರನೆಯ ಮಹಡಿಯ ಇದೇ ಬಾಲ್ಕನಿಯಲ್ಲಿ, ಜಗತ್ತಿನಲ್ಲಿ ಅದುವರೆಗೆ ಇಲ್ಲದಿದ್ದ ಒಂದು ಹೂವನ್ನು ನಾನು ಸೃಷ್ಟಿಸಿದೆ.

(“‘ನಾನು’ ಅಲ್ಲ ರೀ, ‘ನಾವು’ ಅಂತ ಬರೀರಿ.” ಓದುಗರೇ, ಈ ಧ್ವನಿ ಕಥಾನಾಯಕಿಯದು. ಆಕೆ ನನ್ನ ಹೆಂಡತಿಯೂ ಹೌದು. ನಾನು ಬರೆಯುವಾಗ ಕುರ್ಚಿಯ ಹಿಂದೆ ನಿಂತು ಓದುವ ಚಟ ಆಕೆಗುಂಟು. ಪಾತ್ರಗಳು ಲೇಖಕನ ಕೈಮೀರಿ ಬೆಳೆಯಬೇಕೆಂದು ವಿಮರ್ಶಕರು ಹೇಳುತ್ತಾರೆ. ಅವರಿಗೇನು, ಅವರ ಪಾತ್ರಗಳು ಸಿಟ್ಟಾದರೆ ಕಾಫಿ ನಿಲ್ಲುವುದಿಲ್ಲ.)

ಸರಿ, ನಾವು ಸೃಷ್ಟಿಸಿದೆವು.

೨

ಹೂವಿನ ಹೆಸರು ಏಂಜಲ್ಸ್ ಟ್ರಂಪೆಟ್. ನಮ್ಮ ಮನೆಯ ಮಾತಿನಲ್ಲಿ ಕಹಳೆ ಹೂ. ದತ್ತೂರದ ಹತ್ತಿರದ ನೆಂಟ. ದತ್ತೂರ ಮುಗಿಲು ನೋಡಿದರೆ ಇದು ನೆಲ ನೋಡುತ್ತದೆ, ಮೊಳದುದ್ದದ ಹೂಗಳನ್ನು ತಲೆಕೆಳಗಾಗಿ ತೂಗಿಬಿಡುತ್ತದೆ. ಸಂಜೆ ಪರಿಮಳ. ಬೇರಿನಿಂದ ಬೀಜದವರೆಗೆ ವಿಷ.

ಹೊಸ ತಳಿ ಬೇಕೆಂದರೆ ಮೊಗ್ಗು ಬಿರಿಯುವ ಮುನ್ನವೇ ಅದನ್ನು ಸೀಳಿ, ಕೇಸರಗಳನ್ನು ಕಿತ್ತು, ಹೆಣ್ಣುನಾಳದ ತುದಿಗೆ ಇನ್ನೊಂದು ಗಿಡದ ಪರಾಗ ಸವರಿ, ಮೇಲೆ ಕಾಗದದ ಟೋಪಿ ತೊಡಿಸಬೇಕು. ತಾಯಿಯಾಗಿ ನಮ್ಮಲ್ಲೊಂದು ಹಳದಿ ಗಿಡವಿತ್ತು. ತಂದೆ ಗುಲಾಬಿ ಬಣ್ಣದವನಂತೆ, ನಾವು ಕಂಡವರಲ್ಲ. ದೂರದೂರಿನ ಗೆಳತಿಯೊಬ್ಬಳು ಅವನ ಪರಾಗವನ್ನಷ್ಟೇ ಮಾತ್ರೆಯ ಖಾಲಿ ಡಬ್ಬಿಯಲ್ಲಿ ಕಳುಹಿಸಿದ್ದಳು. ಅದು ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಮುಹೂರ್ತಕ್ಕಾಗಿ ಕಾಯಿತು. ವರನ ಮುಖ ನೋಡದೆ ಮಾಡಿದ ಮದುವೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಅವಾಂತರಕ್ಕೆಲ್ಲ ಇದೇ ಮೂಲ.

ಬಾಲ್ಕನಿ ಅಂಗೈಯಗಲ. ಆದ್ದರಿಂದ ಮನೆಯಲ್ಲೊಂದು ಕಾನೂನು: ಸಸಿಯ ಮೊದಲ ಹೂ ಅರಳಿದಾಗ ಬಣ್ಣದಲ್ಲಿ ಹೊಸತನವಿಲ್ಲದಿದ್ದರೆ ಆ ಸಸಿ ಹೊರಗೆ. ನ್ಯಾಯಾಧೀಶೆ ಯಾರೆಂದು ಹೇಳಬೇಕಿಲ್ಲ.

೩. ಮೊದಲ ಕರಡು

“ವರ್ಷಗಳ ತಪಸ್ಸು ಫಲಿಸಿತು. ಅರುಣೋದಯವನ್ನೇ ನಾಚಿಸುವ ವರ್ಣದಿಂದ ಆ ಕುಸುಮವು...”

(“ಅಯ್ಯೋ, ಸುಳ್ಳು! ಬಿಳಿ ಅಲ್ವೇನ್ರೀ ಅರಳಿದ್ದು?”)

ಬಿಳಿಯೇ. ಒಂದೊಂದು ಸಸಿಯೂ ಹೀಗೆಯೇ ಸೋತು ಹೊರಬಿದ್ದು, ಕಟ್ಟಕಡೆಗೆ ಉಳಿದಿದ್ದ ಗಿಡ ಅದು. ಕವಣೆಯ ಹಿಡಿಯಂತೆ ಕವಲೊಡೆದು, ಎರಡು ತೋಳಿಗೂ ಒಂದೊಂದು ಹೂ ಬಿಟ್ಟಿತ್ತು. ಎರಡೂ ತೊಳೆದ ಬನಿಯನ್ನಿನಂಥ ಬಿಳಿ.

“ಇಷ್ಟಕ್ಕಾ ಇಷ್ಟು ದಿನ ನೀರು ಹೊತ್ತಿದ್ದು?” ಎಂದು ಆಕೆ ಕತ್ತರಿ ತೆಗೆದುಕೊಂಡಳು. ನಾನು ಬೆನ್ನು ತಿರುಗಿಸಿ ನಿಂತೆ. ಒಂದು ತೋಳು ಉರುಳಿದ ಸದ್ದು ಕೇಳಿಸಿತು. ಎರಡನೆಯದು ಕೇಳಿಸಲಿಲ್ಲ.

“ರೀ, ಇಲ್ಲಿ ಬನ್ನಿ. ಕತ್ತರಿ ಎರಡೆರಡು ಕಾಣ್ತಿದೆ.”

ನೋಡಿದೆ. ಬಲಗಣ್ಣಿನ ಪಾಪೆ ಸಾಸಿವೆಯಷ್ಟು. ಎಡಗಣ್ಣಿನದು ಮೆಣಸಿನ ಕಾಳಿನಷ್ಟು.

೪. ಎರಡನೆಯ ಕರಡು, ಇದರಲ್ಲಿ ಲೇಖಕನೇ ವೀರ

“ಗಾಬರಿಗೊಳ್ಳದೆ, ಕಾರಣವನ್ನು ಕೂಡಲೇ ಊಹಿಸಿದ ನಾನು...”

(ಹಿಂದಿನಿಂದ ಕೆಮ್ಮು. ಹೊಡೆದುಹಾಕಿದ್ದೇನೆ.)

ಆಸ್ಪತ್ರೆಯಲ್ಲಿ ನಾನು ಆಕೆಯ ಚಪ್ಪಲಿಗಳನ್ನು ಎದೆಗವಚಿಕೊಂಡು ನಿಂತಿದ್ದೆ. ಯಾಕೆಂದು ಇಂದಿಗೂ ತಿಳಿಯದು. ಡಾಕ್ಟರು ಚಿಕ್ಕ ವಯಸ್ಸಿನವರು. ಟಾರ್ಚು ಬಿಟ್ಟು ನೋಡಿದರು, ಮತ್ತೆ ನೋಡಿದರು. ನನ್ನನ್ನು ಪಕ್ಕಕ್ಕೆ ಕರೆದು, “ತಲೆ ಒಳಗೆ ರಕ್ತ ಸೋರ್ತಿರಬಹುದು ಸಾರ್. ದೊಡ್ಡಾಸ್ಪತ್ರೆಗೆ ಕಳಿಸ್ತೀವಿ. ತಲೆಬುರುಡೆ ತೆರೀಬೇಕಾದ್ರೂ ಆಗಬಹುದು” ಎಂದರು.

ನಾನು ಜೀವಮಾನವೆಲ್ಲ ವಾಕ್ಯ ಕಟ್ಟಿದವನು. ಆಗ ಮಾಡಿದ್ದು ಚಪ್ಪಲಿಗಳನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡದ್ದಷ್ಟೇ.

ಮಾತಾಡಿದವಳು ಸ್ಟ್ರೆಚರಿನ ಮೇಲಿದ್ದವಳೇ. “ಡಾಕ್ಟ್ರೇ, ಕಣ್ಣು ಟೆಸ್ಟ್ ಮಾಡೋ ಮುಂಚೆ ಹನಿ ಹಾಕ್ತಾರಲ್ಲ, ಆಮೇಲೆ ಏನೂ ಓದೋಕಾಗಲ್ವಲ್ಲ, ಹಂಗೇ ಇದೆ ನಂಗೆ. ತಲೆನೋವೇನೂ ಇಲ್ಲ.”

ಡಾಕ್ಟರ ಪೆನ್ನು ನಿಂತಿತು. “ಬೆಳಿಗ್ಗೆ ಏನ್ ಮಾಡ್ತಿದ್ರಿ ಅಮ್ಮ?”

“ಗಿಡ ಕಡೀತಿದ್ದೆ. ಬೆವರು ಬಂತು, ಕಣ್ಣು ಒರೆಸ್ಕೊಂಡೆ.”

“ಯಾವ ಗಿಡ?”

ಚಪ್ಪಲಿಗಳನ್ನು ಮೇಲೆತ್ತಿ ನಾನು ಕೂಗಿದೆ: “ಏಂಜಲ್ಸ್ ಟ್ರಂಪೆಟ್! ದತ್ತೂರದ ಜಾತಿ! ರಸ! ರಸ ತಾಗಿದೆ!”

ಡಾಕ್ಟರು ಪಾಪೆ ಕುಗ್ಗಿಸುವ ಔಷಧವನ್ನು ಎಡಗಣ್ಣಿಗೆ ಹಾಕಿದರು. “ನರದ ತೊಂದರೆ ಆಗಿದ್ರೆ ಇದಕ್ಕೆ ಕುಗ್ಗುತ್ತೆ. ಗಿಡದ ರಸ ಆಗಿದ್ರೆ ಜಗ್ಗಲ್ಲ” ಎಂದರು. ಕಾದೆವು. ಕಣ್ಣು ಜಗ್ಗಲಿಲ್ಲ. ಔಷಧವೊಂದು ಕೆಲಸ ಮಾಡದಿದ್ದುದಕ್ಕೆ ನಾನು ಕುಣಿದಾಡಿದ್ದು ಬದುಕಿನಲ್ಲಿ ಅದೊಂದೇ ಸಲ. ಡಾಕ್ಟರು ಸ್ಟೂಲಿನ ಮೇಲೆ ಕುಸಿದು ಕುಳಿತು ನಕ್ಕರು. ಆಕೆ ನನ್ನನ್ನು ದಿಟ್ಟಿಸಿ, “ಮೊದಲು ಆ ಚಪ್ಪಲಿ ಕೆಳಗಿಡಿ, ಎಲ್ಲರೂ ನೋಡ್ತಿದಾರೆ” ಎಂದಳು.

ಅಂದು ಬಿಟ್ಟ ಉಸಿರನ್ನು ವರ್ಣಿಸಲು ಉಪಮಾನ ಹುಡುಕುತ್ತಲೇ ಇದ್ದೇನೆ. ಎದೆಯ ಮೇಲಿನ ಬೀಸುಕಲ್ಲು ಇಳಿದಂತೆ ಎಂದು ಬರೆದರೆ ಸವೆದ ಮಾತು. ಆದರೆ ಇಳಿದದ್ದು ಬೀಸುಕಲ್ಲೇ.

೫

ಪಾಪೆ ಮೊದಲಿನಂತಾಗುವವರೆಗೆ ಅವರು ಆಕೆಯನ್ನು ಅಲ್ಲಿಯೇ ಇರಿಸಿಕೊಂಡರು. ನಾವು ಮನೆಗೆ ಬಂದು ಬಾಲ್ಕನಿಯ ಬಾಗಿಲು ತೆರೆದಾಗ, ಕಡಿಯದೆ ಉಳಿದ ತೋಳಿನ ಹೂವು ಬಿಳಿಯಾಗಿರಲಿಲ್ಲ. ಅಂಚಿಗೆ ತಾಮ್ರದ ಕೆಂಪು, ಒಳಗೆ ಮಾಗಿದ ಹಣ್ಣಿನ ಹಳದಿ. ಬೆಳ್ಳಗೆ ಅರಳಿ, ನಿಧಾನವಾಗಿ ಬಣ್ಣಕ್ಕೆ ತಿರುಗುವುದು ನಾವು ಕಾಣದಿದ್ದ ಆ ತಂದೆಯ ಗುಣವಂತೆ. ಗೆಳತಿಯನ್ನು ಕೇಳಿದರೆ, “ಅದು ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ” ಎಂದಳು.

ಹಿಂದೆ ಹೊರಹಾಕಿದ ಸಸಿಗಳ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

೬. ಬದಲಿ ಮುಕ್ತಾಯಗಳು (ಬೇಕಾದವರು ಆರಿಸಿಕೊಳ್ಳಬಹುದು)

ಅ) ಆಕೆ ಕಣ್ಣು ಒರೆಸಿಕೊಳ್ಳುವುದಿಲ್ಲ. ಎರಡೂ ತೋಳು ಉರುಳುತ್ತವೆ. ಕಣ್ಣು ಕ್ಷೇಮ, ಹೂವಿಲ್ಲ, ಕಥೆಯೂ ಇಲ್ಲ.

ಆ) ಡಾಕ್ಟರು ‘ಯಾವ ಗಿಡ’ ಎಂದು ಕೇಳುವುದಿಲ್ಲ. ಆಮೇಲೆ...

ಇಲ್ಲ, ಇದನ್ನು ಬರೆಯಲಾರೆ. ನಾಯಕಿ ಬೆನ್ನ ಹಿಂದೆಯೇ ನಿಂತಿದ್ದಾಳೆ, ಆಕೆಯ ಉಸಿರು ನನ್ನ ಕಿವಿಗೆ ತಾಗುತ್ತಿದೆ. ನಿಮಗೆ ಬೇಕಿದ್ದರೆ ನೀವೇ ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಬೇಡ.

೭

ಈಗ ಉಪಸಂಹಾರ ಬರಬೇಕು. ಬರುವುದಿಲ್ಲ. ಏಕೆಂದರೆ ಈ ಹೊತ್ತು ಬಾಲ್ಕನಿಯಲ್ಲಿ ಮೊಮ್ಮಗಳು ನಿಂತಿದ್ದಾಳೆ, ಅಜ್ಜಿಯ ಕಟ್ಟಪ್ಪಣೆಯಂತೆ ಗ್ಲೌಸು ತೊಟ್ಟು, ಈಜುವವರ ಕನ್ನಡಕ ಏರಿಸಿ, ಕೈಯಲ್ಲಿ ಕತ್ತರಿ ಹಿಡಿದು. ಆ ಹಳೆಯ ಗಿಡಕ್ಕೆ ಹೊಸ ಸಂಬಂಧ ಕೂಡಿಸಿ ಮೊಮ್ಮಗಳೇ ಬೆಳೆಸಿದ ಸಸಿ ಇಂದು ಮೊದಲ ಹೂ ಬಿಟ್ಟಿದೆ. ಬಿಳಿ.

“ತಾತಾ, ನಾಳೆಗೆ ಬಣ್ಣ ಬರುತ್ತಾ?”

“ಗೊತ್ತಿಲ್ಲ ಮರಿ.”

“ಬರದೇ ಇದ್ರೆ? ಸುಮ್ನೆ ಬಿಳಿಯಾಗೇ ಉದುರಿಹೋದ್ರೆ?”

“ಅದೂ ಗೊತ್ತಿಲ್ಲ.”

“ಕಥೆ ಬರೆಯೋರಿಗೆ ಇಷ್ಟೂ ಗೊತ್ತಿರಲ್ವಾ?” ಎಂದು ನನ್ನಾಕೆ ಹಿಂದಿನಿಂದ ತಿವಿದಳು.

ಮೊಮ್ಮಗಳು ಹೂವನ್ನೊಮ್ಮೆ, ಅಜ್ಜಿಯ ಎಡಗಣ್ಣನ್ನೊಮ್ಮೆ ನೋಡಿದಳು. ಕತ್ತರಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಗ್ಲೌಸು ಕಳಚಿ, ಕೈ ತೊಳೆದು ಬಂದು ನನ್ನ ಕುರ್ಚಿಯ ಬಳಿ ಕುಳಿತಳು.

“ತಾತಾ, ಇನ್ನೊಂದ್ಸಲ ಹೇಳಿ. ಅಜ್ಜಿ ಕಣ್ಣು ಒರೆಸ್ಕೊಂಡಲ್ಲಿಂದ.”