ಬೀಜದ ಸೌತೆಕಾಯಿ

ಕೊಟ್ಟಿಗೆಯಲ್ಲಿ ದನಗಳಿಗೆ ಚೆಂಡುಹೂವಿನ ಹಾರ ಹಾಕಿ ಹಿತ್ತಲಿಗೆ ಬಂದ ಸುಮಿತ್ರಮ್ಮ, ಬಚ್ಚಲ ಹಿಂದೆ ಕೋಳಿಗಳು ಮುಗಿಬಿದ್ದಿರುವುದನ್ನು ಕಂಡು ನಿಂತಳು. ಬೂದುಬಣ್ಣದ ಹೇಂಟೆ ಉಳಿದವನ್ನೆಲ್ಲ ಕುಕ್ಕಿ ಓಡಿಸಿ, ತಾನೊಂದೇ ನೆಲ ಕೆದಕಿ ಗಬಗಬನೆ ತಿನ್ನುತ್ತಿತ್ತು. ಅದರ ಕೊಕ್ಕಿನಿಂದ ಹಳದಿ ತಿರುಳಿನ ಎಳೆಯೊಂದು ಜೋತುಬಿದ್ದಿತ್ತು.

ಅವಳು ಅಡುಗೆಮನೆಗೆ ಓಡಿ ತಲೆಯೆತ್ತಿ ನೋಡಿದಳು. ತೊಲೆಗೆ ಕಟ್ಟಿದ್ದ ಬಾಳೆನಾರು ಇತ್ತು. ಅದರಲ್ಲಿ ತೂಗುತ್ತಿದ್ದ ಸೌತೆಕಾಯಿ ಇರಲಿಲ್ಲ. ಕೆಳಗೆ ಗಂಡನ ಅಕ್ಕ ತುಂಗಮ್ಮ ಕಾಲು ಚಾಚಿ ಕೂತು, ಹಣೆಯ ಬೆವರನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಕೊನೆಯ ಹೋಳು ತುರಿಯುತ್ತಿದ್ದಳು. ಪಕ್ಕದಲ್ಲಿ ಬೆಲ್ಲ, ಅಕ್ಕಿತರಿ, ತೊಳೆದಿಟ್ಟ ಅರಿಶಿನದ ಎಲೆ.

"ತುಂಗಕ್ಕಾ, ಎಂತ ಮಾಡಿದ್ರಿ ನೀವು!"

"ಎಂತ ಅಂದ್ರೆ? ಕಡುಬಿಗೆ ತುರೀತಿದೀನಿ. ಹಬ್ಬದ ದಿನ ಸೌತೆಕಾಯಿ ಕಡುಬು ಮಾಡ್ದೆ ಚಿತ್ರಾನ್ನ ಮಾಡ್ತಾರಾ?"

"ಅದು ಬೀಜಕ್ಕೆ ಇಟ್ಟಿದ್ದು!"

"ಒಳ್ಳೆ ಕತೆ ಆಯ್ತು. ಬೀಜಕ್ಕೆ ಎಂತ ಬರಗಾಲ? ಕೊಪ್ಪದ ಅಂಗಡೀಲಿ ಪ್ಯಾಕೆಟ್‌ಗಟ್ಲೆ ಬಿದ್ದಿರ್ತದೆ."

ಎರಡು ದಿನದಿಂದ ಸುಮಿತ್ರಮ್ಮ ಹಲ್ಲು ಕಚ್ಚಿಕೊಂಡೇ ಇದ್ದಳು. ನೆಮ್ಮಾರಿನಿಂದ ಹಬ್ಬಕ್ಕೆ ಬಂದ ತುಂಗಮ್ಮ ಬಸ್ಸಿಳಿದ ಗಳಿಗೆಯಿಂದ ಸಾರಿಗೆ ಉಪ್ಪು ಹೆಚ್ಚು, ಒಲೆಗೆ ಹಸಿ ಸೌದೆ, ಹಿತ್ತಲ ಬೇಲಿ ಸೋತಿದೆ ಎಂದು ಒಂದೊಂದಾಗಿ ಹೇಳುತ್ತಲೇ ಇದ್ದಳು. ಅದೆಲ್ಲ ಸಹಿಸಬಹುದಿತ್ತು. ಆದರೆ ಆ ಸೌತೆ ಅತ್ತೆಯ ಕಾಲದಿಂದ ಬಂದ ತಳಿ. ಮೊಳಕೈಯುದ್ದ ಬೆಳೆಯುತ್ತಿತ್ತು, ಆರು ತಿಂಗಳಿಟ್ಟರೂ ಕೆಡುತ್ತಿರಲಿಲ್ಲ. ಅತ್ತೆ ತೀರಿಕೊಳ್ಳುವ ಮುಂಚೆ ಬೂದಿ ಸಗಣಿಯಲ್ಲಿ ಕಲಸಿ ಗೋಡೆಗೆ ಮೆತ್ತಿಟ್ಟುಹೋದ ಬೀಜವನ್ನು ಸುಮಿತ್ರಮ್ಮ ಈ ಸಲ ಪೂರ್ತಿ ಬಿತ್ತಿದ್ದಳು. ಶ್ರಾವಣದ ಮಳೆಗೆ ಬಳ್ಳಿಯೆಲ್ಲ ಕೊಳೆತು, ಬಲಿತು ಕೈಗೆ ಬಂದಿದ್ದು ಇದೊಂದೇ ಕಾಯಿ.

"ಒಂದು ಮಾತು ಕೇಳಬಾರದಿತ್ತಾ?"

"ಕೇಳ್ದೆ ಮುಟ್ತೀನಾ? ವಾಸಪ್ಪನ್ನ ಕೇಳ್ದೆ. ತಗೋ ಅಕ್ಕ ಅಂದ."

ಗಂಡ ವಾಸಪ್ಪ ಅಂಗಳದ ತುದಿಯಲ್ಲಿ ಕಟ್ಟೆಯ ಮೇಲೆ ನಿಂತಿದ್ದ. ಹೊಸದಾಗಿ ತಂದ, ತಂತಿಯಿಲ್ಲದ ಡಬ್ಲ್ಯೂಎಲ್‌ಎಲ್ ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ಡಬ್ಬವನ್ನು ಮಗುವಿನಂತೆ ಎದೆಗವಚಿಕೊಂಡು ಶೆಟ್ಟಿಕೊಪ್ಪದ ಯಾರಿಗೋ ಹಬ್ಬದ ಶುಭಾಶಯ ಕೂಗಿ ಹೇಳುತ್ತಿದ್ದ.

"ಆ ಫೋನು ಇಡಿ ಮೊದ್ಲು!" ಸುಮಿತ್ರಮ್ಮ ಕಿರುಚಿದಳು. "ತೊಲೆಗೆ ಕಟ್ಟಿದ ಕಾಯಿ ಮುಟ್ಟಬೇಡಿ ಅಂತ ನಿಮಗೆ ಎಷ್ಟು ಸಲ ಹೇಳಿದ್ದೆ?"

"ಅಕ್ಕ ಕಾಯಿ ಅಂದಳು. ನಾನು ತೆಂಗಿನಕಾಯಿ ಅಂತ ತಿಳ್ಕಂಡೆ ಮಾರಾಯ್ತಿ," ಎಂದ ವಾಸಪ್ಪ ಫೋನಿನ ಬಾಯಿಗೆ ಕೈ ಅಡ್ಡವಿಟ್ಟು.

ಅವನೊಂದಿಗೆ ಜಗಳಕ್ಕೆ ನಿಂತರೆ ಸಂಜೆಯಾಗುತ್ತಿತ್ತು. ಸುಮಿತ್ರಮ್ಮ ಹಿತ್ತಲಿಗೆ ಹೋಗಿ ನೆಲವನ್ನೆಲ್ಲ ಬೆರಳಿನಿಂದ ಬಾಚಿದಳು. ಸಿಕ್ಕಿದ್ದು ಬರೀ ಒದ್ದೆ ಮಣ್ಣು. ಬೂದುಕೋಳಿ ಸ್ವಲ್ಪ ದೂರದಲ್ಲಿ ಹೊಟ್ಟೆ ತುಂಬಿದ ಗತ್ತಿನಲ್ಲಿ ನಿಂತಿತ್ತು. ಮೊನ್ನೆಯಷ್ಟೇ ಮರಿ ಎಬ್ಬಿಸಿದ್ದ ಕೋಳಿ. ಮರಿಗಳು ಅದರ ಕಾಲ ಬುಡದಲ್ಲಿ ಪಿಯ್‌ಗುಡುತ್ತಿದ್ದವು. ಅವಳು ಅದನ್ನು ಹಿಡಿದು ಕತ್ತಿನ ಕೆಳಗೆ ಉಬ್ಬಿದ ಮೇವಿನ ಚೀಲವನ್ನು ಒತ್ತಿ ನೋಡಿದಳು. ಚರ್ಮದ ಅಡಿಯಲ್ಲಿ ಬೀಜಗಳು ಜಾರಿದ್ದು ಬೆರಳಿಗೆ ತಿಳಿಯಿತು.

"ಎಲ್ಲಾ ಇಲ್ಲೇ ಅವೆ," ಎಂದಳು.

ಫೋನು ಕಂಕುಳಲ್ಲಿಟ್ಟುಕೊಂಡೇ ವಾಸಪ್ಪ ಬಂದ. "ಹಂಗಾದ್ರೆ ಕೊಯ್ದುಬಿಡಾಣ. ಬೀಜನೂ ಸಿಗ್ತದೆ, ನಾಳೆ ಸಾರಿಗೂ ಆಗ್ತದೆ."

"ನಿಮ್ಮ ತಲೆ! ಈ ಮರಿಗಳನ್ನ ಯಾರು ಸಾಕ್ತಾರೆ, ನೀವು ಕಾವಿಗೆ ಕೂರ್ತೀರಾ?"

"ಹಂಗಾದ್ರೆ ಬಿಡು."

"ಬಿಟ್ರೆ ರಾತ್ರಿಯೊಳಗೆ ಅರಗಿ ಹೋಗ್ತದೆ!"

ಹಾಗೆಂದು ಕೂಗಿದವಳಿಗೆ ಅಳು ನುಗ್ಗಿ ಬಂತು. ಒಂದು ಸೌತೆಕಾಯಿಗೆ, ಹಬ್ಬದ ದಿನ, ಕೋಳಿ ತಬ್ಬಿಕೊಂಡು ಅಳುವುದೇ ಎಂದು ತನ್ನ ಮೇಲೇ ಸಿಟ್ಟಾದಳು.

ಬಾಗಿಲಲ್ಲಿ ನಿಂತಿದ್ದ ತುಂಗಮ್ಮ ಕೈಗಂಟಿದ ತುರಿಯನ್ನು ಒರೆಸಿಕೊಂಡಳು. "ಅದು ಅವ್ವನ ಬೀಜದ್ದಾ?" ಎಂದು ಕೇಳಿದಳು.

"ಮತ್ತೆ ಯಾರದ್ದು?"

"ನನಗೆ ಹೆಂಗೆ ಗೊತ್ತಾಗ್ಬೇಕು? ಅವ್ವನ ತಳಿ ಪ್ರತಿವರ್ಷ ಅಟ್ಟದ ತುಂಬ ಇರ್ತಿತ್ತು. ಇನ್ನೂ ಇರ್ತದೆ ಅಂದ್ಕಂಡೆ." ಅವಳು ಒಳಗಿನ ಖಾಲಿ ಬಾಳೆನಾರಿನತ್ತ ತಿರುಗಿ ನೋಡಿದಳು. "ಹೋದ ವರ್ಷ ಸೂತಕ ಅಂತ ಹಬ್ಬ ಮಾಡ್ಲಿಲ್ಲ. ಈ ಸಲನಾದ್ರೂ ಅವಳು ಮಾಡ್ತಿದ್ದ ಹಂಗೆ ಕಡುಬು ಮಾಡಾಣ ಅಂತ ಬಂದೆ." ಮತ್ತೆ ಸಟ್ಟನೆ ಮೊದಲಿನ ದನಿಗೆ ಬಂದು, "ಕೋಳಿನ ಹಂಗೆ ಹಿಸುಕಬೇಡ. ವಾಸಪ್ಪ, ಹೊಸ ಬ್ಲೇಡ್ ಇದೆಯಾ?" ಎಂದಳು.

"ಇದೆ. ಯಾಕೆ?"

"ಇಲಿಪಾಷಾಣದ ಅಕ್ಕಿ ತಿಂದ ಕೋಳೀದು ಮೇವಿನ ಚೀಲ ಅವ್ವ ಒಂದ್ಸಲ ಕೊಯ್ದು, ತೊಳೆದು, ಹೊಲಿದಿದ್ದಳು. ನಾನೇ ಕಾಲು ಹಿಡ್ಕಂಡಿದ್ದೆ. ಆಮೇಲೆ ಎರಡು ಸಲ ಮರಿ ಮಾಡ್ತು ಅದು."

"ನೋಡಿದೀರಿ. ಮಾಡಿದೀರಾ?"

"ನೀನು ಮಾಡಿದೀಯಾ?"

ಒಲೆಯ ಮೇಲಿನ ನೀರು ಉಕ್ಕಿ ಕೆಂಡ ಚುಂಯ್ ಎಂದಿತು. ಯಾರೂ ಅತ್ತ ಹೋಗಲಿಲ್ಲ. ವಾಸಪ್ಪ ಫೋನು ಒಳಗಿಟ್ಟು ಬಂದು, ಕಟ್ಟೆಯ ಮೇಲೆ ಕೋಳಿಯನ್ನು ಅಂಗಾತ ಮಲಗಿಸಿ ಕಾಲು ಹಿಡಿದ. ಕಣ್ಣಿಗೆ ಟವೆಲ್ ಮುಚ್ಚಿದ. ತುಂಗಮ್ಮ ಅರಿಶಿನದ ನೀರು ಕಾಯಿಸಿ ತಂದಳು. ಸುಮಿತ್ರಮ್ಮ ಪುಕ್ಕ ಕಿತ್ತು ಬ್ಲೇಡ್ ಹಿಡಿದಳು.

"ಇನ್ನೂ ಕೆಳಗೆ."

"ಗೊತ್ತು."

"ಗೊತ್ತಿದ್ರೆ ಯಾಕೆ ಅಲ್ಲಿ ಇಟ್ಟಿದೀಯ? ಸಣ್ಣಕೆ ಕೊಯ್ಯಿ. ಬಾಗಿಲು ತೆಗೀತಿಲ್ಲ ನೀನು."

"ತುಂಗಕ್ಕಾ, ಸ್ವಲ್ಪ ಬಾಯಿ ಮುಚ್ಕಳಿ!"

ಮದುವೆಯಾಗಿ ಬಂದಮೇಲೆ ಆ ಮಾತನ್ನು ಅವಳು ನಾಲಿಗೆಯ ತುದಿಯಲ್ಲೇ ಎಷ್ಟೋ ಸಲ ತಡೆದಿದ್ದಳು. ತುಂಗಮ್ಮ ನಿಜಕ್ಕೂ ಬಾಯಿ ಮುಚ್ಚಿದಳು. ಮೇಲಿನ ಚರ್ಮ ಬಿಟ್ಟಿತು, ಆಮೇಲೆ ಒಳಗಿನ ತೆಳು ಚೀಲ. ಬೆರಳಿನಿಂದ ಒತ್ತಿದಾಗ ಭತ್ತ, ಮರಳು, ಹುಲ್ಲಿನ ಎಸಳುಗಳ ಜೊತೆ ಬಿಳಿಯ ಬೀಜಗಳು ಒಂದೊಂದಾಗಿ ಜಾರಿ ಬಂದವು. ತುಂಗಮ್ಮ ಅಂಗೈಯೊಡ್ಡಿ ಹಿಡಿದಳು. ಒಂದೂ ನೆಲಕ್ಕೆ ಬೀಳಗೊಡಲಿಲ್ಲ.

ಸೂಜಿಗೆ ದಾರ ಪೋಣಿಸಲು ಅವಳಿಗಾಗಲಿಲ್ಲ. ಕಣ್ಣು ಕಿರಿದು ಮಾಡಿ, ದಾರದ ತುದಿ ನೆಕ್ಕಿ, ಕೊನೆಗೆ ಸೂಜಿಯನ್ನೇ ಸುಮಿತ್ರಮ್ಮನ ಕಡೆ ಚಾಚಿದಳು. ಸುಮಿತ್ರಮ್ಮ ಪೋಣಿಸಿ, ಚರ್ಮಕ್ಕೂ ಚೀಲಕ್ಕೂ ಸೇರಿಸಿ ಸೂಜಿ ಚುಚ್ಚಲು ಹೋದಾಗ ತುಂಗಮ್ಮ ಅವಳ ಕೈ ಹಿಡಿದಳು.

"ಬೈದ್ರೂ ಬೈಯಿ. ಒಳಗಿಂದು ಬೇರೆ, ಹೊರಗಿಂದು ಬೇರೆ. ಅವ್ವ ಹಂಗೇ ಹೊಲಿದಿದ್ದು."

ಸುಮಿತ್ರಮ್ಮ ಹಾಗೇ ಹೊಲಿದಳು. ತುಂಗಮ್ಮ ಗಾಯದ ಅಂಚುಗಳನ್ನು ಕೂಡಿಸಿ ಹಿಡಿದಳು. ಮುಗಿಯುವ ತನಕ ಬಿಡಲಿಲ್ಲ. ಕೊಬ್ಬರಿಎಣ್ಣೆಯಲ್ಲಿ ಅರಿಶಿನ ಕಲಸಿ ಮೇಲೆ ಮೆತ್ತಿ, ಹಿತ್ತಲಲ್ಲಿ ಮರಿಗಳ ಜೊತೆ ಬುಟ್ಟಿಯಡಿ ಮುಚ್ಚಿಟ್ಟರು.

ಬೀಜ ತೊಳೆದು ಬೂದಿಯಲ್ಲಿ ಹೊರಳಿಸಿ ಮೊರದ ಮೇಲೆ ಹರವಿದ್ದೂ ಆಯಿತು. ಅಷ್ಟರಲ್ಲಿ ತುರಿ ನೀರೊಡೆದು, ಕಲಸಿದ ಹಿಟ್ಟು ತೆಳ್ಳಗಾಗಿ, ಕಡುಬು ಎಲೆಯೊಳಗೇ ಹರಡಿಕೊಂಡು ಬೆಂದಿತು. ಊಟಕ್ಕೆ ಕೂತಾಗ ಬಿಸಿಲು ಇಳಿದಿತ್ತು.

"ಅವ್ವಂದು ಹಿಂಗಿರ್ತಿರ್ಲಿಲ್ಲ," ಎಂದಳು ತುಂಗಮ್ಮ, ಎಲೆಗೆ ಅಂಟಿದ್ದನ್ನು ಬೆರಳಿನಲ್ಲಿ ಕೆರೆದು ತಿನ್ನುತ್ತ.

"ಹೌದು," ಎಂದಳು ಸುಮಿತ್ರಮ್ಮ. "ಅವರು ಇದ್ದ ಒಂದೇ ಕಾಯಿ ಕೊಯ್ತಿರ್ಲಿಲ್ಲ."

ವಾಸಪ್ಪ ನಕ್ಕ. ಇಬ್ಬರೂ ತಿರುಗಿ ನೋಡಿದ ಮೇಲೆ ಸುಮ್ಮನೆ ತುಪ್ಪ ಹಾಕಿಕೊಂಡ.

ಆಗ ಹಿತ್ತಲ ಕಡೆಯಿಂದ ಬುಟ್ಟಿ ಸರಿದ ಸದ್ದಾಯಿತು. ಮೂವರೂ ಎಂಜಲು ಕೈಯಲ್ಲೇ ಎದ್ದು ಹೋದರು. ಕೋಳಿ ಬುಟ್ಟಿಯನ್ನು ತಳ್ಳಿ ಎದ್ದು ನಿಂತಿತ್ತು. ಮರಿಗಳು ಹೊಟ್ಟೆಯಡಿ ನುಗ್ಗುತ್ತಿದ್ದವು. ಅದು ಎರಡು ಹೆಜ್ಜೆ ತೂರಾಡಿ ನೀರಿಟ್ಟಿದ್ದ ತೆಂಗಿನ ಚಿಪ್ಪಿನ ಬಳಿ ಬಂದು, ಕೊಕ್ಕು ನೀರಿಗಿಟ್ಟು, ಕತ್ತನ್ನು ಮೆಲ್ಲಗೆ ಆಕಾಶಕ್ಕೆ ಎತ್ತಿತು.

"ಸೋರ್ತದಾ ನೋಡು," ಎಂದಳು ತುಂಗಮ್ಮ ಪಿಸುದನಿಯಲ್ಲಿ.

ಸುಮಿತ್ರಮ್ಮ ಮಂಡಿಯೂರಿ ಕೂತು, ಅರಿಶಿನ ಮೆತ್ತಿದ ಹೊಲಿಗೆಯನ್ನೇ ನೋಡಿದಳು. ನೀರು ಕಾಣಲಿಲ್ಲ. ಕೋಳಿ ಮತ್ತೊಮ್ಮೆ ಕೊಕ್ಕು ಅದ್ದಿ ಕತ್ತು ಎತ್ತಿತು.